ನೊರೆಯ ಲೆಕ್ಕ: ದೊಡ್ಡ ರೀಫ್ ಟ್ಯಾಂಕಿಗೆ ಸ್ಕಿಮ್ಮರ್ ಆರಿಸುವಾಗ

ಹವಳ ಸಾಕುವ ರೀಫ್ ಟ್ಯಾಂಕಿನ ನೀರಿನ ಕೊಳೆಯನ್ನು ಗಾಳಿಗುಳ್ಳೆಯ ನೊರೆಯಾಗಿ ಏರಿಸಿ ಹೊರಹಾಕುವ ಯಂತ್ರ ಪ್ರೋಟೀನ್ ಸ್ಕಿಮ್ಮರ್. ಅದು ಬರುವ ಡಬ್ಬದ ಮೇಲೆ ಎಲ್ಲಕ್ಕಿಂತ ದಪ್ಪ ಅಕ್ಷರದಲ್ಲಿ ಇರುವುದು ಲೀಟರ್ ಲೆಕ್ಕ. ಇಷ್ಟು ಲೀಟರಿನ ಟ್ಯಾಂಕಿಗೆ ಈ ಮಾಡೆಲ್, ಅಷ್ಟು ಲೀಟರಿಗೆ ಆ ಮಾಡೆಲ್. ಉಪ್ಪುನೀರಿನ ಟ್ಯಾಂಕ್ ಕಟ್ಟಲು ಹೊರಟ ಗೆಳೆಯರು ಫೋನ್ ಮಾಡಿದಾಗಲೂ ಇದೇ ಮೊದಲ ಪ್ರಶ್ನೆ: "ನಂದು ಆರಡಿ ಟ್ಯಾಂಕು, ಯಾವ ಸ್ಕಿಮ್ಮರ್ ತಗೊಳ್ಳಲಿ?" ನಾನು ತಿರುಗಿ ಕೇಳುತ್ತೇನೆ: "ದಿನಕ್ಕೆ ಮೀನಿಗೆ ಎಷ್ಟು ಊಟ ಹಾಕಬೇಕು ಅಂತಿದ್ದೀರಿ?" ಹೆಚ್ಚಿನವರು ಅದನ್ನು ಯೋಚಿಸಿರುವುದಿಲ್ಲ. ಆದರೆ ಸ್ಕಿಮ್ಮರ್ ಆರಿಸಲು ಬೇಕಾದ ಅಳತೆ ಅದೇ. ನೀರು ಎಷ್ಟಿದೆ ಎನ್ನುವುದು ಆಮೇಲಿನ ಮಾತು.

ನನ್ನದೂ ಆರಡಿ ಟ್ಯಾಂಕೇ, ಬೆಂಗಳೂರಿನ ಮನೆಯ ಹಾಲ್‌ನಲ್ಲಿದೆ. ಅಗಲ ಎರಡೂವರೆ ಅಡಿ, ಎತ್ತರ ಎರಡಡಿ. ಅಂಚಿನವರೆಗೆ ತುಂಬಿದರೆ ಸುಮಾರು 850 ಲೀಟರ್. ಕೆಳಗಿನ ಸಂಪಿನ, ಅಂದರೆ ಟ್ಯಾಂಕಿನ ಅಡಿಯ ಕಪಾಟಿನಲ್ಲಿ ಸ್ಕಿಮ್ಮರ್ ನಿಲ್ಲುವ ಗಾಜಿನ ತೊಟ್ಟಿಯ ನೀರು ಸೇರಿಸಿ, ಕಲ್ಲು-ಮರಳು ತಿಂದ ಜಾಗ ಕಳೆದರೆ ಮತ್ತೆ ಹೆಚ್ಚುಕಡಿಮೆ ಅಲ್ಲಿಗೇ ಬರುತ್ತದೆ. ಈ 850 ಲೀಟರಿನಲ್ಲಿ ಒಂದು ಜೋಡಿ ಕ್ಲೌನ್ ಮೀನು ಬಿಟ್ಟು ಚಿಟಿಕೆ ಆಹಾರ ಹಾಕುತ್ತಾ ಇರಬಹುದು. ಟ್ಯಾಂಗ್, ಆಂಥಿಯಾಸ್ ಎಂದು ಹಲವು ಮೀನು ತುಂಬಿಸಿ ದಿನಕ್ಕೆ ಮೂರು ಹೊತ್ತು ಉಣಿಸಲೂಬಹುದು. ಎರಡೂ ಕಡೆ ಲೀಟರ್ ಒಂದೇ, ಕೊಳೆ ಒಂದೇ ಅಲ್ಲ.

ಸ್ವಲ್ಪ ಲೆಕ್ಕ ಹಾಕೋಣ. ದಿನಕ್ಕೆ 10 ಗ್ರಾಂ ಒಣ ಆಹಾರ, ಅದರಲ್ಲಿ ಅರ್ಧ ಪ್ರೋಟೀನ್ ಅಂತ ಇಟ್ಟುಕೊಳ್ಳಿ. ಒಳ್ಳೆಯ ಪೆಲೆಟ್‌ನಲ್ಲಿ ಅಷ್ಟು ಇದ್ದೇ ಇರುತ್ತದೆ. ಐದು ಗ್ರಾಂ ಪ್ರೋಟೀನಿನ ತೂಕದಲ್ಲಿ ಶೇ. 16ರಷ್ಟು ಸಾರಜನಕ, ಅಂದರೆ 0.8 ಗ್ರಾಂ. ಅದಷ್ಟೂ ಕೊಳೆತು ಅಮೋನಿಯಾ ಆಗಿ, ಬ್ಯಾಕ್ಟೀರಿಯಾ ಕೈಯಲ್ಲಿ ನೈಟ್ರೇಟ್ ಆಗಿ ಮುಗಿದರೆ ಮೂರೂವರೆ ಗ್ರಾಂ ನೈಟ್ರೇಟ್. 850 ಲೀಟರಿಗೆ ಹಂಚಿದರೆ ಲೀಟರಿಗೆ 4 ಮಿಲಿಗ್ರಾಂ, ಅದೂ ಒಂದೇ ದಿನದ್ದು. ತಿಂಗಳಿಗೆ ನೂರು ದಾಟಿತು. ನಿಜದಲ್ಲಿ ಅಷ್ಟಾಗುವುದಿಲ್ಲ. ಒಂದು ಪಾಲು ಮೀನಿನ ಮೈ ಸೇರುತ್ತದೆ, ಒಂದು ಪಾಲನ್ನು ಪಾಚಿ, ಹವಳ, ಬ್ಯಾಕ್ಟೀರಿಯಾ ಹಂಚಿಕೊಳ್ಳುತ್ತವೆ, ಕಲ್ಲಿನ ಒಳಗೆ ಆಮ್ಲಜನಕ ತಲುಪದ ಜಾಗದಲ್ಲಿ ಒಂದಿಷ್ಟು ಸಾರಜನಕ ಅನಿಲವಾಗಿ ಹೋಗುತ್ತದೆ. ಆದರೂ ಟ್ಯಾಂಕಿನ ಮೇಲೆ ದಿನಾ ಬೀಳುವ ಹೊರೆ ಎಷ್ಟೆಂದು ಈ ಅಂಕಿ ತೋರಿಸುತ್ತದೆ. ಕ್ಲೌನ್ ಜೋಡಿಗೆ ಹಾಕುವ ಒಂದು ಗ್ರಾಂಗೆ ಇದರ ಹತ್ತನೇ ಒಂದು ಭಾಗ. ಆ ಎರಡು ಟ್ಯಾಂಕಿಗೂ ಒಂದೇ ಸ್ಕಿಮ್ಮರ್ ಸಾಕು ಎಂದು ಡಬ್ಬ ಹೇಳುತ್ತದೆ, ಲೀಟರ್ ಒಂದೇ ಆದ್ದರಿಂದ.

ಸ್ಕಿಮ್ಮರಿನ ಹೆಚ್ಚುಗಾರಿಕೆ ಇರುವುದು ಈ ಸರಣಿಯ ಮೊದಲ ಹೆಜ್ಜೆಯಲ್ಲೇ ಕೈ ಹಾಕುವುದರಲ್ಲಿ. ಬ್ಯಾಕ್ಟೀರಿಯಾ ನಂಬಿದ ಫಿಲ್ಟರುಗಳು ಕೊಳೆತದ್ದನ್ನು ಇನ್ನೊಂದಾಗಿ ಮಾರ್ಪಡಿಸುತ್ತವೆ; ಸ್ಕಿಮ್ಮರ್ ಕೊಳೆಯುವ ಮೊದಲೇ ನೀರಿನಿಂದ ಆಚೆ ಹಾಕುತ್ತದೆ. ಆಲೆಮನೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಮೇಲೆ ಕಟ್ಟುವ ಕೊಳೆಯ ನೊರೆಯನ್ನು ಜಾಲರಿ ಸೌಟಿನಿಂದ ಎತ್ತಿ ಎತ್ತಿ ಹಾಕುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ನೊರೆ ಏಳಿಸುವುದು ಬೆಂಕಿ, ಇಲ್ಲಿ ಗಾಳಿ.

ಪ್ರೋಟೀನಿನಂಥ ಎಷ್ಟೋ ಸಾವಯವ ಅಣುಗಳಿಗೆ ಎರಡು ಗುಣ. ಒಂದು ತುದಿ ನೀರನ್ನು ಬಯಸುತ್ತದೆ, ಇನ್ನೊಂದು ತುದಿ ನೀರಿನಿಂದ ತಪ್ಪಿಸಿಕೊಳ್ಳಲು ನೋಡುತ್ತದೆ. ಗುಳ್ಳೆ ಸಿಕ್ಕರೆ ಅದರ ಗೋಡೆಗೆ ಹತ್ತಿ ಕೂರುತ್ತವೆ: ಒಂದು ತುದಿ ನೀರಿನಲ್ಲಿ, ಇನ್ನೊಂದು ಗಾಳಿಯಲ್ಲಿ. ಹೀಗೆ ಮೈತುಂಬ ಹೊತ್ತ ಗುಳ್ಳೆಗಳು ಮೇಲೇರಿ, ಒಡೆಯದೆ ಒಂದರ ಮೇಲೊಂದು ಕೂತು ನೊರೆಯಾಗುತ್ತವೆ. ಮಳೆಗಾಲದಲ್ಲಿ ಕಡಲು ಕದಡಿದಾಗ ಮಲ್ಪೆ, ಉಳ್ಳಾಲದ ಮರಳ ಮೇಲೆ ಬಂದು ಬೀಳುವ ನೊರೆಯ ಹಿಂದೆಯೂ ಇದೇ ಕೆಲಸ ನಡೆದಿರುತ್ತದೆ. ಉಪ್ಪುನೀರಿನಲ್ಲಿ ಇನ್ನೊಂದು ಅನುಕೂಲವಿದೆ. ಉಪ್ಪು ಇದ್ದಲ್ಲಿ ಸಣ್ಣ ಗುಳ್ಳೆಗಳು ಬೇಗ ಒಂದರೊಳಗೊಂದು ಸೇರಿ ದೊಡ್ಡದಾಗುವುದಿಲ್ಲ. ಸಿಹಿನೀರಿನ ಟ್ಯಾಂಕಿನಲ್ಲಿ ಸ್ಕಿಮ್ಮರ್ ಸರಿಯಾಗಿ ಕೆಲಸ ಮಾಡದಿರುವುದಕ್ಕೆ ಇದೊಂದು ದೊಡ್ಡ ಕಾರಣ.

ಗುಳ್ಳೆ ಸಣ್ಣದಾದಷ್ಟೂ ಲಾಭ ಎಂಬ ಮಾತು ಎಲ್ಲರ ಬಾಯಲ್ಲೂ ಇದೆ. ಎಷ್ಟು ಲಾಭ ಎಂದು ಕಾಗದದ ಮೇಲೆ ಬರೆದು ನೋಡಿದಾಗ ನನಗೇ ಬೆರಗಾಯಿತು. ಒಂದು ಲೀಟರ್ ಗಾಳಿಯನ್ನು ಅರ್ಧ ಮಿಲಿಮೀಟರ್ ಗುಳ್ಳೆಗಳಾಗಿ ಒಡೆದರೆ ಅವುಗಳ ಒಟ್ಟು ಮೇಲ್ಮೈ 12 ಚದರ ಮೀಟರ್. ಒಂದು ಮಿಲಿಮೀಟರ್ ಗುಳ್ಳೆಯಾದರೆ ಅದರ ಅರ್ಧ. ಗಂಟೆಗೆ ಸಾವಿರ ಲೀಟರ್ ಗಾಳಿ ಎಳೆಯುವ ಸ್ಕಿಮ್ಮರ್, ಅರ್ಧ ಮಿಲಿಮೀಟರ್ ಗುಳ್ಳೆ ಕೊಟ್ಟರೆ, ಗಂಟೆಗೆ 12,000 ಚದರ ಮೀಟರ್, ಹತ್ತಿರಹತ್ತಿರ ಮೂರು ಎಕರೆ ಮೇಲ್ಮೈಯನ್ನು ನೀರಿನೊಳಗೆ ಹಾಯಿಸುತ್ತದೆ. ಆದ್ದರಿಂದ ಡಬ್ಬದ ಮೇಲೆ ಲೀಟರ್ ಬಿಟ್ಟು ಹುಡುಕಬೇಕಾದದ್ದು ಗಾಳಿಯ ಅಂಕಿ: ಗಂಟೆಗೆ ಎಷ್ಟು ಲೀಟರ್ ಗಾಳಿ, ಅದಕ್ಕೆ ಎಷ್ಟು ವ್ಯಾಟ್. ಹಿಂದಿನ ಕಾಲದಲ್ಲಿ ಮರದ ತುಂಡಿನ ಸಣ್ಣ ರಂಧ್ರಗಳ ಮೂಲಕ ಗಾಳಿ ಊದಿ ಈ ಗುಳ್ಳೆ ತರಿಸುತ್ತಿದ್ದರು. ಆ ಮರ ಮೆತ್ತಗಾಗಿ ಆಗಾಗ ಬದಲಿಸಬೇಕಿತ್ತು. ಈಗ ಹೆಚ್ಚಿನವು ನೀಡಲ್ ವೀಲ್: ಪಂಪಿನ ರೆಕ್ಕೆಯ ಜಾಗದಲ್ಲಿ ಸೂಜಿಗಳ ಚಕ್ರ, ಅದು ಗಾಳಿಯನ್ನು ಕೊಚ್ಚಿ ಹಾಕುತ್ತದೆ. ವಿದ್ಯುತ್ ಖರ್ಚೂ ಕಡಿಮೆ.

ಆದರೆ ಈ ಯಂತ್ರದಿಂದ ಏನನ್ನು ನಿರೀಕ್ಷಿಸಬಾರದು ಎಂಬುದೂ ತಿಳಿದಿರಬೇಕು. ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞ ಕೆನ್ ಫೆಲ್ಡ್‌ಮನ್, ತಾವೂ ರೀಫ್ ಟ್ಯಾಂಕ್ ಇಟ್ಟವರು, 2009ರ ಸುಮಾರಿಗೆ ಸ್ಕಿಮ್ಮರುಗಳನ್ನು ಕ್ರಮವಾಗಿ ಅಳೆದರು. ನೀರಿನಲ್ಲಿರುವ ಒಟ್ಟು ಸಾವಯವ ಇಂಗಾಲದಲ್ಲಿ ಸ್ಕಿಮ್ಮರ್ ತೆಗೆಯುವುದು ಶೇ. 20ರಿಂದ 30ರಷ್ಟು ಮಾತ್ರ ಎಂದು ಕಂಡರು. ಮರುವರ್ಷ, ಸ್ಕಿಮ್ಮರಿನ ತುದಿಯಲ್ಲಿ ನೊರೆ ಸೇರುವ ಬಟ್ಟಲಾದ ಕಪ್ಪಿನಲ್ಲಿ ಬಿದ್ದ ಕೊಳೆಯನ್ನೇ ಒಣಗಿಸಿ ಪರೀಕ್ಷಿಸಿದಾಗ ಘನ ಭಾಗದಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಮತ್ತು ಡಯಾಟಮ್ ಎಂಬ ಸೂಕ್ಷ್ಮ ಪಾಚಿಯ ಚಿಪ್ಪಿನ ಸಿಲಿಕಾ ದೊಡ್ಡ ಪಾಲು. ಸಾವಯವ ಇಂಗಾಲ ಅಂದುಕೊಂಡದ್ದಕ್ಕಿಂತ ಕಡಿಮೆ. ಇದನ್ನು ಓದಿ ಸ್ಕಿಮ್ಮರೇ ದಂಡ ಎಂದವರಿದ್ದಾರೆ. ನಾನು ಹಾಗೆ ಓದುವುದಿಲ್ಲ. ನೊರೆಗೆ ಹತ್ತುವಂಥದ್ದು ಹತ್ತುತ್ತದೆ, ಹತ್ತದ್ದು ಹತ್ತುವುದಿಲ್ಲ. ಎರಡು ಪಟ್ಟು ದೊಡ್ಡ ಯಂತ್ರ ತಂದರೂ ಆ ಉಳಿದ ಪಾಲು ಬರುವುದಿಲ್ಲ. ಅದಕ್ಕೆ ಆಕ್ಟಿವೇಟೆಡ್ ಕಾರ್ಬನ್ ಇದೆ, ನೀರು ಬದಲಿಸುವುದಿದೆ, ಬ್ಯಾಕ್ಟೀರಿಯಾ ಇದೆ. ಹಾಗಾಗಿ ಅಗತ್ಯಕ್ಕಿಂತ ದೊಡ್ಡ ಸ್ಕಿಮ್ಮರಿಗೆ ದುಡ್ಡು ಸುರಿಯುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ.

ದೊಡ್ಡದಾದರೆ ಇನ್ನೊಂದು ತೊಂದರೆ ಇದೆ, ಅದು ನೆಕ್‌ನಲ್ಲಿ ಗೊತ್ತಾಗುತ್ತದೆ. ಸ್ಕಿಮ್ಮರಿನ ಹೊಟ್ಟೆಯಿಂದ ಕಪ್ಪಿಗೆ ಹೋಗುವ ಕುತ್ತಿಗೆ ಅದು. ಹತ್ತಿರ ಕೂತು ನೋಡಬೇಕು. ಕೆಳಗೆ ಬಿಳಿ ಹಾಲಿನ ಬಣ್ಣದ ನೀರು. ನೆಕ್ ಶುರುವಾಗುವಲ್ಲಿ ದುಂಡು ದುಂಡು ಗುಳ್ಳೆಗಳು. ಮೇಲೇರುತ್ತಾ ನೀರು ಇಳಿದುಹೋಗಿ ಗುಳ್ಳೆಗಳ ಗೋಡೆ ತೆಳುವಾಗಿ, ಮೂಲೆಗಳು ಮೂಡಿ, ಕಂದು ಬಣ್ಣ ತಿರುಗುತ್ತವೆ. ತುದಿಯಲ್ಲಿ ಒಂದೊಂದಾಗಿ ಒಡೆದು ಕಪ್ಪಿನ ಗೋಡೆಗೆ ಹನಿ ಚಿಮ್ಮುತ್ತದೆ. ಈ ಮೆಟ್ಟಿಲೇರುವ ಕೆಲಸ ನಿಲ್ಲದೆ ನಡೆಯಬೇಕಾದರೆ ಕೆಳಗಿನಿಂದ ಕೊಳೆ ಬರುತ್ತಲೇ ಇರಬೇಕು, ಏಕೆಂದರೆ ಗುಳ್ಳೆಯ ಗೋಡೆಯನ್ನು ಒಡೆಯದಂತೆ ಹಿಡಿದಿರುವುದು ಆ ಕೊಳೆಯೇ. ಅಗಲ ನೆಕ್‌ನ ದೊಡ್ಡ ಸ್ಕಿಮ್ಮರನ್ನು ಕಡಿಮೆ ಮೀನಿನ ಟ್ಯಾಂಕಿಗೆ ಇಟ್ಟರೆ ನೊರೆ ಅರ್ಧಕ್ಕೆ ಬಂದು ಕುಸಿಯುತ್ತದೆ. ದಿನಗಟ್ಟಲೆ ಕಪ್ಪು ಒಣಗಿರುತ್ತದೆ, ಜಾಸ್ತಿ ಊಟ ಹಾಕಿದ ದಿನ ಒಮ್ಮೆಗೇ ಉಕ್ಕುತ್ತದೆ. ಹೊರೆಗಿಂತ ಒಂದಿಷ್ಟು ಚಿಕ್ಕದೇ ಆದರೂ ಹಗಲಿರುಳು ಒಂದೇ ಸಮನೆ ನೊರೆ ಏರಿಸುವ ಸ್ಕಿಮ್ಮರ್ ಮೇಲು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಟ್ಯಾಂಕಿನಲ್ಲಿ ಕೈ ಹಾಕಿದರೆ ನೊರೆ ಥಟ್ಟನೆ ಇಳಿಯುವುದನ್ನೂ ಗಮನಿಸಿ. ಚರ್ಮದ ಎಣ್ಣೆ ಸಾಕು ಅದಕ್ಕೆ. ಎಣ್ಣೆಯಂಶ ಹೆಚ್ಚಿರುವ ಊಟ ಹಾಕಿದಾಗಲೂ ಹಾಗೆಯೇ. ಕೆಲವು ಗಂಟೆಯಲ್ಲಿ ತಾನಾಗಿ ಏಳುತ್ತದೆ; ಆ ಹೊತ್ತಿನಲ್ಲಿ ವಾಲ್ವ್ ತಿರುಗಿಸಲು ಹೋಗಬಾರದು. ಹೊಸ ಸ್ಕಿಮ್ಮರಿಗೂ ಒಂದೆರಡು ವಾರ ಪಳಗಲು ಬಿಡಬೇಕು.

ಇನ್ನು ಉಸಿರಿನ ವಿಷಯ. ನನ್ನ ಮಟ್ಟಿಗೆ ಸ್ಕಿಮ್ಮರಿನ ಅರ್ಧ ಬೆಲೆ ಇದಕ್ಕೇ. ಸಮುದ್ರಮಟ್ಟದಲ್ಲಿ, 25 ಡಿಗ್ರಿ ಬಿಸಿಯಲ್ಲಿ, ಸಿಹಿನೀರು ಲೀಟರಿಗೆ 8 ಮಿಲಿಗ್ರಾಂ ಚಿಲ್ಲರೆ ಆಮ್ಲಜನಕ ಹಿಡಿದಿಟ್ಟುಕೊಳ್ಳುತ್ತದೆ. ಉಪ್ಪುನೀರು 6.7ರ ಆಸುಪಾಸು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ. ಗಾಳಿಯ ಒತ್ತಡ ಶೇ. 10ರಷ್ಟು ಕಡಿಮೆ, ಆಮ್ಲಜನಕವೂ ಅಷ್ಟೇ ಕಡಿಮೆ ಕರಗುತ್ತದೆ. ಅಂದರೆ ಇಲ್ಲಿನ ಟ್ಯಾಂಕಿನ ಉಪ್ಪುನೀರು ತುಂಬ ಉಸಿರಾಡಿದರೂ ಲೀಟರಿಗೆ 6 ಮಿಲಿಗ್ರಾಂ. ಕಡಲ ಮೀನನ್ನು ಬೆಟ್ಟದ ಎತ್ತರಕ್ಕೆ ತಂದು ಸಾಕುವವರು ನಾವು. ರಾತ್ರಿ ದೀಪ ಆರಿದ ಮೇಲೆ ಹವಳದೊಳಗಿನ ಪಾಚಿಯೂ ಆಮ್ಲಜನಕ ಕೊಡುವುದನ್ನು ನಿಲ್ಲಿಸುತ್ತದೆ. ಮೀನು, ಹವಳ, ಬ್ಯಾಕ್ಟೀರಿಯಾ ಎಲ್ಲವೂ ಬಳಸುತ್ತಲೇ ಇರುತ್ತವೆ. ಮುಂಜಾವದ ಹೊತ್ತಿಗೆ ಮಟ್ಟ ತಳ ಸೇರುತ್ತದೆ. ಆ ಹೊತ್ತಿನಲ್ಲಿ ನೀರಿಗೆ ಆಮ್ಲಜನಕ ತುಂಬಿಸುತ್ತಿರುವುದು ಸ್ಕಿಮ್ಮರಿನ ಆ ಮೂರು ಎಕರೆ ಮೇಲ್ಮೈ. ನೈಟ್ರೇಟ್ ಇಳಿಸಲೆಂದು ವೋಡ್ಕಾ, ವಿನೆಗರ್ ಹಾಕಿ ಬ್ಯಾಕ್ಟೀರಿಯಾ ಬೆಳೆಸುವವರಿಗೆ ಇದು ಇನ್ನೂ ಮುಖ್ಯ: ಬೆಳೆದ ಬ್ಯಾಕ್ಟೀರಿಯಾ ಆಮ್ಲಜನಕ ತಿನ್ನುತ್ತವೆ, ಅವನ್ನು ಹೊರಗೆ ಹಾಕುವುದೂ ಸ್ಕಿಮ್ಮರೇ.

ಇಷ್ಟು ಗಾಳಿ ಎಳೆಯುವ ಯಂತ್ರ ಯಾವ ಗಾಳಿ ಎಳೆಯುತ್ತಿದೆ ಎಂದು ಕೇಳಿಕೊಳ್ಳುವವರು ಕಡಿಮೆ. ವಿದೇಶದ ಬರಹಗಳಲ್ಲಿ ಒಂದು ಸಲಹೆ ಮತ್ತೆ ಮತ್ತೆ ಬರುತ್ತದೆ: ಮುಚ್ಚಿದ ಕೋಣೆಯಲ್ಲಿ ಇಂಗಾಲದ ಡೈಆಕ್ಸೈಡ್ ಜಾಸ್ತಿ, ಅದರಿಂದ ನೀರಿನ ಪಿಎಚ್ ಇಳಿಯುತ್ತದೆ, ಆದ್ದರಿಂದ ಸ್ಕಿಮ್ಮರಿನ ಗಾಳಿ ಪೈಪನ್ನು ಕಿಟಕಿಯ ಹೊರಗೆ ಹಾಕಿ. ಚಳಿದೇಶಕ್ಕೆ ಒಳ್ಳೆಯ ಸಲಹೆ. ನಮ್ಮಲ್ಲಿ ಕಿಟಕಿ ಹೊರಗೆ ಸೊಳ್ಳೆಗೆ ಫಾಗಿಂಗ್ ಗಾಡಿ ಬರುತ್ತದೆ. ಮನೆಯೊಳಗೆ ಸೊಳ್ಳೆಬತ್ತಿ ಇದೆ, ಗೋಡೆಗೆ ಸಿಕ್ಕಿಸುವ ಲಿಕ್ವಿಡ್ ಇದೆ. ಇವುಗಳಲ್ಲಿ ಸಾಮಾನ್ಯವಾಗಿ ಇರುವುದು ಪೈರೆಥ್ರಾಯ್ಡ್ ಗುಂಪಿನ ವಿಷ. ಮನುಷ್ಯರಿಗಿಂತ ಮೀನಿಗೆ, ಸಿಗಡಿಗೆ, ಏಡಿಗೆ ಅದು ಎಷ್ಟೋ ಪಟ್ಟು ಮಾರಕ. ಗಂಟೆಗೆ ಸಾವಿರ ಲೀಟರ್ ಗಾಳಿಯನ್ನು ಅತಿ ಸಣ್ಣ ಗುಳ್ಳೆ ಮಾಡಿ ನೀರಿಗೆ ಬೆರೆಸುವ ಯಂತ್ರದ ಬಾಯಿ ಅದೇ ಕೋಣೆಯಲ್ಲಿ ತೆರೆದಿದೆ ಎಂಬುದನ್ನು ಯೋಚಿಸಿ. ನಮ್ಮ ಮನೆಯಲ್ಲಿ ಹಾಲ್‌ಗೆ ಸೊಳ್ಳೆಪರದೆಯೇ ಗತಿ, ಲಿಕ್ವಿಡ್ ಇಲ್ಲ. ಗಾಳಿ ಪೈಪಿನ ತುದಿಗೆ ಆಕ್ಟಿವೇಟೆಡ್ ಕಾರ್ಬನ್ ತುಂಬಿದ ಡಬ್ಬಿ ಇದೆ. ಬೀದಿಯಲ್ಲಿ ಫಾಗಿಂಗ್ ಸದ್ದು ಕೇಳಿದರೆ ಕಿಟಕಿ ಮುಚ್ಚಿ, ಸ್ಕಿಮ್ಮರ್ ನಿಲ್ಲಿಸಿ, ವಾಸನೆ ಪೂರ್ತಿ ಹೋದ ಮೇಲೆ ಹಾಕುತ್ತೇವೆ. ಅಗರಬತ್ತಿಯನ್ನೂ ಸಂಪಿನ ಕಪಾಟಿನಿಂದ ದೂರ ಹಚ್ಚುವುದು ರೂಢಿಯಾಗಿದೆ. ಭಾರತದಲ್ಲಿ ಸ್ಕಿಮ್ಮರ್ ಕೊಳ್ಳುವ ಯಾರಿಗೇ ಆಗಲಿ, ಬ್ರ್ಯಾಂಡಿನ ಮಾತಿಗೆ ಮೊದಲು ಇದನ್ನು ಹೇಳಬೇಕು ಅನ್ನಿಸುತ್ತದೆ.

ಕರೆಂಟಿನದೂ ನಮ್ಮದೇ ಸಮಸ್ಯೆಗಳು. ಅಮೆರಿಕದಲ್ಲಿರುವ ನೆಂಟರ ಸೂಟ್‌ಕೇಸಿನಲ್ಲಿ ಸ್ಕಿಮ್ಮರ್ ತರಿಸುವ ಆಸೆ ಹಲವರಿಗೆ. ಅಲ್ಲಿನ ಎಸಿ ಪಂಪ್ 120 ವೋಲ್ಟ್, 60 ಹರ್ಟ್ಸ್. ಇಲ್ಲಿ 230 ವೋಲ್ಟ್, 50 ಹರ್ಟ್ಸ್. ಟ್ರಾನ್ಸ್‌ಫಾರ್ಮರ್ ಇಟ್ಟರೆ ವೋಲ್ಟ್ ಇಳಿಯುತ್ತದೆ, ಹರ್ಟ್ಸ್ ಬದಲಾಗುವುದಿಲ್ಲ. ಈ ಸಣ್ಣ ಸಿಂಕ್ರೊನಸ್ ಮೋಟಾರುಗಳ ವೇಗ ನಿಂತಿರುವುದು ಹರ್ಟ್ಸ್ ಮೇಲೆ: ಅಲ್ಲಿ ನಿಮಿಷಕ್ಕೆ 3,600 ಸುತ್ತು ತಿರುಗಿದ್ದು ಇಲ್ಲಿ 3,000. ಗಾಳಿ ಕಡಿಮೆ, ಗುಳ್ಳೆ ದಪ್ಪ. ಅಲ್ಲಿಯವರ ವಿಡಿಯೊದಲ್ಲಿ ನೋಡಿದ ನೊರೆ ಇಲ್ಲಿ ಬರದಿದ್ದರೆ ಅದಕ್ಕೆ ಯಂತ್ರವನ್ನು ದೂರಿ ಫಲವಿಲ್ಲ. 50 ಹರ್ಟ್ಸ್‌ಗೆಂದೇ ಮಾಡಿದ ಪಂಪ್ ಕೇಳಿ ತೆಗೆದುಕೊಳ್ಳಿ, ಇಲ್ಲವೇ ಡಿಸಿ ಪಂಪಿಗೆ ಹೋಗಿ. ಡಿಸಿ ಪಂಪಿನ ಅಡಾಪ್ಟರ್ ಎರಡೂ ಕಡೆಯ ಕರೆಂಟಿಗೆ ಹೊಂದುವಂಥದ್ದಾದರೆ ಹರ್ಟ್ಸ್ ಚಿಂತೆ ಇಲ್ಲ, ವೇಗವನ್ನೂ ಕೈಯಲ್ಲಿ ಹಿಡಿದು ಬದಲಿಸಬಹುದು.

ಕರೆಂಟ್ ಹೋಗಿ ಬರುವುದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಸಂಪಿನಿಂದ ಟ್ಯಾಂಕಿಗೆ ನೀರು ಏರಿಸುವ ರಿಟರ್ನ್ ಪಂಪ್ ನಿಂತ ಕೂಡಲೇ ಮೇಲಿನ ಟ್ಯಾಂಕಿನ ಒಂದು ಪದರ ನೀರು ಸಂಪಿಗೆ ಇಳಿದು ಅಲ್ಲಿನ ಮಟ್ಟ ಏರುತ್ತದೆ. ಕರೆಂಟ್ ಬಂದಾಗ ಆ ಏರಿದ ನೀರಿನಲ್ಲೇ ಸ್ಕಿಮ್ಮರ್ ಶುರುವಾದರೆ ನೊರೆ ಬದಲು ನೀರೇ ಕಪ್ಪಿಗೆ ನುಗ್ಗಿ, ವಾರದ ಕೊಳೆಯನ್ನೆಲ್ಲ ತೊಳೆದು ವಾಪಸ್ ಸಂಪಿಗೋ ನೆಲಕ್ಕೋ ಚೆಲ್ಲುತ್ತದೆ. ಆದ್ದರಿಂದ ತಡವಾಗಿ ಶುರುವಾಗುವ ವ್ಯವಸ್ಥೆ ಇರುವ ಕಂಟ್ರೋಲರ್, ಕಪ್ಪು ತುಂಬಿದರೆ ಪಂಪ್ ನಿಲ್ಲಿಸುವ ಫ್ಲೋಟ್ ಸ್ವಿಚ್, ಇವೆರಡೂ ಇರುವ ಮಾಡೆಲ್‌ಗೆ ಸ್ವಲ್ಪ ಜಾಸ್ತಿ ಕೊಟ್ಟರೂ ನಷ್ಟವಿಲ್ಲ. ಇನ್‌ವರ್ಟರ್ ಕೊಳ್ಳುವುದಾದರೆ ಸೈನ್ ವೇವ್‌ನದ್ದು. ಸ್ಕ್ವೇರ್ ವೇವ್‌ನಲ್ಲಿ ಎಸಿ ಪಂಪುಗಳು ಗುಂಯ್‌ಗುಟ್ಟಿ ಬಿಸಿಯಾಗುತ್ತವೆ. ರಿಟರ್ನ್ ಪಂಪಿಗೆ ಬ್ಯಾಕಪ್ ಇಲ್ಲದೆ ಸ್ಕಿಮ್ಮರಿಗೆ ಮಾತ್ರ ಕೊಟ್ಟರೆ ಸಂಪಿನ ನೀರಿಗಷ್ಟೇ ಗಾಳಿ ಸಿಗುತ್ತದೆ, ಮೀನಿಗೆ ಸಿಗುವುದಿಲ್ಲ. ಬ್ಯಾಟರಿ ಸಣ್ಣದಿದ್ದರೆ ಮೊದಲ ಪಾಲು ಟ್ಯಾಂಕಿನೊಳಗೆ ನೀರು ಕದಲಿಸುವ ವೇವ್‌ಮೇಕರಿಗೆ, ಅದರ ಮುಖ ನೀರಿನ ಮೇಲ್ಮೈ ಕಡೆಗೆ.

ನನ್ನ ಟ್ಯಾಂಕಿನಲ್ಲಿ ಗಟ್ಟಿ ಹವಳಗಳಿಲ್ಲ; ಲೆದರ್, ಮಶ್ರೂಮ್, ಜೊವಾಂಥಿಡ್‌ನಂಥ ಮೃದು ಜಾತಿಗಳಷ್ಟೇ. ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿ ಗಟ್ಟಿ ಹವಳ, ಕಪ್ಪು ಹವಳ, ಸಮುದ್ರ ಬೀಸಣಿಗೆ ಎಲ್ಲವೂ ಇವೆ. ಮುರ್ಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿಗೆ ಹೋಗಿ ಮುಳುಗಿ ನೋಡಿದವರಿಗೆ ಈ ಕಾನೂನು ಯಾಕೆ ಬೇಕೆಂದು ಯಾರೂ ಹೇಳಬೇಕಾಗಿಲ್ಲ; ಅಲ್ಲಿನ ಕಲ್ಲು ಅಲ್ಲೇ ಇರಬೇಕು. ಹಾಗಾಗಿ ನಾನು ಬಳಸಿದ್ದು ಒಣ ಕಲ್ಲು. ಸ್ಕಿಮ್ಮರಿಗೂ ಇದಕ್ಕೂ ಸಂಬಂಧವಿದೆ. ಕಡಲಿನಿಂದ ಬಂದ ಜೀವಂತ ಕಲ್ಲು ತನ್ನೊಂದಿಗೆ ಸಾವಿರ ಬಗೆಯ ಜೀವಿಗಳನ್ನು ತರುತ್ತದೆ. ಒಣ ಕಲ್ಲು ಆ ಬಲ ಪಡೆಯಲು ತಿಂಗಳುಗಳು ಬೇಕು. ಅಲ್ಲಿಯವರೆಗೆ ಹೊರೆಯ ದೊಡ್ಡ ಪಾಲು ಸ್ಕಿಮ್ಮರ್ ಮೇಲೆ. ಜಕಾರ್ತದ ಲೀ ಚಿನ್ ಎಂಗ್ 1961ರಲ್ಲೇ ಜೀವಂತ ಕಲ್ಲು, ಬಿಸಿಲು, ಒಂದಿಷ್ಟು ಗಾಳಿಗುಳ್ಳೆ ಇಷ್ಟರಿಂದಲೇ ಹವಳ ಸಾಕುವ ಬಗೆಯನ್ನು ಬರೆದು ತೋರಿಸಿದ್ದರು. ಸ್ಕಿಮ್ಮರ್ ಇಲ್ಲದೆ ಚೆನ್ನಾಗಿ ನಡೆಸುವವರು ಇಂದೂ ಇದ್ದಾರೆ, ಅವರ ಬಗ್ಗೆ ನನಗೆ ಗೌರವವಿದೆ. ಆದರೆ ಅವರ ಮಿತವಾದ ಊಟ, ಮಿತವಾದ ಮೀನು ನನಗೆ ಸಾಲದು. ಟ್ಯಾಂಗ್‌ಗಳು ಹೊಟ್ಟೆತುಂಬ ತಿಂದು ಮೈತುಂಬಿಕೊಂಡು ಈಜುವುದನ್ನು ನೋಡಲೆಂದೇ ನಾನು ಟ್ಯಾಂಕ್ ಇಟ್ಟದ್ದು.

ಹಾಗಾದರೆ ಕೊನೆಗೆ ಯಾವುದು? ಜರ್ಮನಿಯ ಡೆಲ್ಟೆಕ್, ರಾಯಲ್ ಎಕ್ಸ್‌ಕ್ಲೂಸಿವ್ ಯಂತ್ರಗಳ ಕಟ್ಟುವಿಕೆ ಕೈಯಲ್ಲಿ ಹಿಡಿದರೇ ತಿಳಿಯುತ್ತದೆ, ಬೆಲೆಯೂ ಹಾಗೇ. ಚೀನಾದ ಬಬಲ್ ಮೇಗಸ್, ರೀಫ್ ಆಕ್ಟೋಪಸ್ ಅದರ ಒಂದು ಪಾಲಿಗೆ ಸಿಗುತ್ತವೆ. ದಿನಕ್ಕೆ 10 ಗ್ರಾಂ ಲೆಕ್ಕದ ನನ್ನ ಟ್ಯಾಂಕಿಗೆ ನಾನು ತೆಗೆದುಕೊಂಡದ್ದು ಸುಮಾರು 20 ಸೆಂಟಿಮೀಟರ್ ಹೊಟ್ಟೆಯ ನೀಡಲ್ ವೀಲ್, ಡಿಸಿ ಪಂಪಿನದು. ತೂಗಿ ನೋಡಿದ್ದು ಮುಖ್ಯವಾಗಿ ಎರಡನ್ನು: ನೀಡಲ್ ವೀಲ್ ಬಿಡಿಯಾಗಿ ಇಲ್ಲಿಯೇ ಸಿಗುತ್ತದೆಯೇ, ಮತ್ತು ಪಂಪನ್ನು ಉಪಕರಣವಿಲ್ಲದೆ ಕೈಯಿಂದಲೇ ಬಿಚ್ಚಬಹುದೇ. ಬಿಚ್ಚಲು ಕಷ್ಟವಾದದ್ದನ್ನು ಯಾರೂ ತೊಳೆಯುವುದಿಲ್ಲ. ನೆಕ್ ಒಳಗೆ ಕಟ್ಟುವ ಜಿಡ್ಡನ್ನು ವಾರಕ್ಕೊಮ್ಮೆಯಾದರೂ ಬಟ್ಟೆಯಲ್ಲಿ ಒರೆಸದಿದ್ದರೆ ನೊರೆ ಏರುವುದೇ ನಿಲ್ಲುತ್ತದೆ. ಗಾಳಿ ಒಳಬರುವ ಸಣ್ಣ ತೂತಿಗೆ ಉಪ್ಪು ಕಟ್ಟುತ್ತದೆ, ಬಿಸಿನೀರು ಬಿಟ್ಟರೆ ಕರಗುತ್ತದೆ. ಕೆಲವು ತಿಂಗಳಿಗೊಮ್ಮೆ ಪಂಪನ್ನು ಸಿಟ್ರಿಕ್ ಆಸಿಡ್ ನೀರಿನಲ್ಲಿ ನೆನೆಸಿಟ್ಟರೆ ಸುಣ್ಣದ ಪದರ ಬಿಡುತ್ತದೆ. ಟ್ಯಾಂಕ್ 1,500 ಲೀಟರ್ ಮೀರಿದ್ದು, ಮೀನು ತುಂಬಿದ್ದರೆ ಒಂದು ಭಾರಿ ಯಂತ್ರದ ಬದಲು ಎರಡು ಮಧ್ಯಮ ಗಾತ್ರದವನ್ನು ಇಡಿ ಎನ್ನುತ್ತೇನೆ. ಒಂದನ್ನು ತೊಳೆಯುವಾಗ, ಒಂದು ಕೆಟ್ಟಾಗ, ಇನ್ನೊಂದು ಉಸಿರು ಕೊಡುತ್ತಿರುತ್ತದೆ.

ಕಪಾಟು ಇನ್ನೂ ಬಡಗಿಯ ಬಳಿಯೇ ಇದ್ದರೆ ಇವತ್ತೇ ಅವರಿಗೊಂದು ಫೋನ್ ಮಾಡಿ. ಸಂಪಿನಲ್ಲಿ ಸ್ಕಿಮ್ಮರ್ ನಿಲ್ಲುವ ಕೋಣೆಯ ನೀರಿನ ಮಟ್ಟ ಏರಿಳಿಯದಂತೆ ಅಡ್ಡಗಾಜು ಬೇಕು. ಬಹಳಷ್ಟು ಮಾಡೆಲ್‌ಗಳು ಕೇಳುವುದು 20 ಸೆಂಟಿಮೀಟರ್ ಆಸುಪಾಸಿನ ಆಳ. ಅದಕ್ಕಿಂತ ಮುಖ್ಯ ಮೇಲಿನ ಜಾಗ. ಸ್ಕಿಮ್ಮರ್ 60 ಸೆಂಟಿಮೀಟರ್ ಎತ್ತರ ಇದ್ದರೆ ಕಪಾಟಿನ ಒಳ ಎತ್ತರ 60 ಇದ್ದರೆ ಸಾಲದು. ಕಪ್ಪನ್ನು ಚೆಲ್ಲದೆ ನೇರ ಮೇಲಕ್ಕೆ ಎತ್ತಿ ಹೊರತೆಗೆಯಲು ಇನ್ನೂ 15 ಸೆಂಟಿಮೀಟರ್ ಬಿಡಿಸಿ, ಸಂಪಿನ ತಳದ ಗಾಜು ಮತ್ತು ಕೆಳಗಿನ ಥರ್ಮಾಕೋಲ್ ದಪ್ಪವನ್ನೂ ಸೇರಿಸಿ ಅಳತೆ ಕೊಡಿ.